ಉಜ್ಜಿ ಸವೆಸಿದ ನಲವತ್ತು ಕ್ಯಾಮೆರಾಗಳು

ಕ್ಯಾಮೆರಾ ಕಾರ್ಖಾನೆಗೆ ಹೆಸರಾದ ಜರ್ಮನಿಯ ನಮ್ಮ ವೆಟ್ಸ್ಲಾರಿಗೆ ಬರುವ ಪ್ರವಾಸಿಗಳದ್ದು ಒಂದೇ ಪ್ರಶ್ನೆ. ಕುತ್ತಿಗೆಗೆ ಹೊಳೆಯುವ ಕ್ಯಾಮೆರಾ ತಗುಲಿಹಾಕಿಕೊಂಡು ಏದುಸಿರು ಬಿಡುತ್ತ ಚರ್ಚಿನ ಮೆಟ್ಟಿಲು ಹತ್ತಿ ಬರುತ್ತಾರೆ. ನನ್ನಂಥ ಮುದುಕಿ ಬೆಂಚಿನ ಮೇಲೆ ಕೂತಿರುವುದು ಕಂಡರೆ ಪಕ್ಕಕ್ಕೆ ಬಂದು ಕೂರುತ್ತಾರೆ. ನೀವು ಕಾರ್ಖಾನೆಯಲ್ಲಿ ಕೆಲಸ ಮಾಡಿದವರಂತಲ್ಲ, ಇದಕ್ಕೆ ಇಷ್ಟು ದುಡ್ಡು ಸುರಿಯಬಹುದೇ ಎಂದು ಕೇಳುತ್ತಾರೆ. ಒಂದು ಸಣ್ಣ ಕಾರಿನ ಬೆಲೆ ಕೊಟ್ಟು ಕೊಂಡಾದ ಮೇಲೆ ಕೇಳುತ್ತಾರೆ, ನನಗೆ ಉರಿಯುವುದು ಅದಕ್ಕೇ. ಮೊದಮೊದಲು ಏನೋ ನಯವಾಗಿ ಹೇಳಿ ಸಾಗಹಾಕುತ್ತಿದ್ದೆ. ಈಗ ಹಾಗಿಲ್ಲ. ಈಗ ಕೂರಿಸಿಕೊಂಡು ಟ್ರೌಡೆಲ್‌ ವಿಷಯ ಹೇಳುತ್ತೇನೆ. ಕೇಳುವ ತಾಳ್ಮೆ ಇಲ್ಲದವರು ಎದ್ದು ಹೋಗಲಿ, ನನಗೇನೂ ನಷ್ಟವಿಲ್ಲ.

ನನ್ನ ಗೆಳತಿ ಟ್ರೌಡೆಲ್ ಬೆಖ್ಟೋಲ್ಡ್ ಆ ಕ್ಯಾಮೆರಾ ಕಾರ್ಖಾನೆಗೆ ಸೇರಿದ್ದು ಹದಿನೈದನೇ ವಯಸ್ಸಿನಲ್ಲಿ, ಅರವತ್ತೊಂದನೇ ಇಸವಿಯಲ್ಲಿ. ನಾನು ಸೇರಿದ್ದು ಅದರ ಮರುವರ್ಷ. ನಮ್ಮಿಬ್ಬರ ಮೇಜು ಅಕ್ಕಪಕ್ಕ. ನಾನು ಬಾಯಿಬಡುಕಿ, ಅವಳು ಗುಮ್ಮನಗುಸಕಿ. ಬೆಳಗಿನಿಂದ ಸಂಜೆಯವರೆಗೆ ಅವಳ ಬಾಯಿಂದ ನಾಲ್ಕು ಮಾತು ಹೊರಟರೆ ಅದೇ ಹೆಚ್ಚು. ಆದರೆ ಅವಳ ಕಣ್ಣಿದೆಯಲ್ಲ, ಅಂಥ ಕಣ್ಣು ಆ ಕಟ್ಟಡದಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ಇದನ್ನು ಸ್ನೇಹಿತೆ ಎಂದು ಹೇಳುತ್ತಿಲ್ಲ, ಅವಳ ಮೇಲೆ ಹೊಟ್ಟೆಕಿಚ್ಚು ಪಟ್ಟವಳಾಗಿ ಹೇಳುತ್ತಿದ್ದೇನೆ.

ನಮ್ಮ ಕೆಲಸ ಇಷ್ಟೇ. ಈ ಜಾತಿಯ ಕ್ಯಾಮೆರಾದಲ್ಲಿ ನೋಡುವುದು ಲೆನ್ಸಿನ ಮೂಲಕ ಅಲ್ಲ, ಮೇಲ್ಗಡೆ ಪಕ್ಕದಲ್ಲಿರುವ ಪುಟ್ಟ ಕಿಟಕಿಯ ಮೂಲಕ. ಕಿಟಕಿಯೊಳಗೆ ನೋಡಿದರೆ ನಡುಮಧ್ಯೆ ಎಲ್ಲವೂ ಎರಡೆರಡಾಗಿ ಕಾಣುತ್ತದೆ. ಲೆನ್ಸನ್ನು ತಿರುಗಿಸುತ್ತ ಹೋದರೆ ಎರಡು ಬಿಂಬವೂ ಜರುಗಿ ಬಂದು ಒಂದರ ಮೇಲೊಂದು ಕೂರುತ್ತವೆ. ಕೂತಿತೋ, ಚಿತ್ರ ಚೂಪಾಗಿ ಬರುತ್ತದೆ. ಒಂದು ಕೂದಲಷ್ಟು ಆಚೀಚೆ ಆಯಿತೋ, ಮುಖ ತೆಗೆಯಲು ಹೋದವನಿಗೆ ಮುಖ ಮಸುಕಾಗಿ ಕಿವಿ ಚೂಪಾಗಿ ಬರುತ್ತದೆ. ಆ ಎರಡನ್ನು ಒಂದು ಮಾಡುವ ತಿರುಪು ನಮ್ಮ ಕೈಯಲ್ಲಿತ್ತು. ಸರಿಯಾಗಿದೆಯೇ ಎಂದು ನೋಡಲು ಮೇಜಿನ ಮೇಲೆ ಯಂತ್ರವಿತ್ತು. ಯಂತ್ರ ಸರಿ ಎಂದರೆ ನಾವೆಲ್ಲ ಮುಂದಕ್ಕೆ ತಳ್ಳುತ್ತಿದ್ದೆವು. ಟ್ರೌಡೆಲ್ ತಳ್ಳುತ್ತಿರಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ, ದೂರದಲ್ಲಿ ನಮ್ಮ ದೊಡ್ಡ ಚರ್ಚಿನ ಗೋಪುರದ ತುದಿಗೆ ಸಿಕ್ಕಿಸಿರುವ ತಗಡಿನ ಹುಂಜವನ್ನು ಇನ್ನೊಮ್ಮೆ ನೋಡುತ್ತಿದ್ದಳು. ಮೇಸ್ತ್ರಿ ಬೈದ, ಸಂಬಳ ಹಿಡಿಯುತ್ತೇನೆ ಎಂದ, ಒಂದು ತಿಂಗಳು ಹಿಡಿದೂ ಹಿಡಿದ. ಅವಳು ಹೇಳಿದ್ದು ಒಂದೇ ಮಾತು, ಗೋಪುರದ ಮೇಲೆ ಎರಡು ಹುಂಜ ಕೂತಿದ್ದರೆ ನನಗೆ ಮನೆಗೆ ಹೋಗಲು ಕಾಲು ಬರುವುದಿಲ್ಲ. ನಲವತ್ತೈದು ವರ್ಷ ಅವಳ ಕೈಯಿಂದ ಎರಡು ಹುಂಜದ ಕ್ಯಾಮೆರಾ ಒಂದೂ ಹೊರಗೆ ಹೋಗಲಿಲ್ಲ.

ಅವಳ ಗಂಡ ಒಟ್ಮಾರ್ ನಮ್ಮೂರಿನ ಸಣ್ಣ ಪತ್ರಿಕೆಯ ಫೋಟೋಗ್ರಾಫರ್. ಅವನಿಗೆ ಮಾತೇ ಬಂಡವಾಳ. ಕಾರ್ಖಾನೆಯವರಿಗೆ ಜೀವಮಾನದಲ್ಲಿ ಒಂದು ಸಲ ಕಡಿಮೆ ಬೆಲೆಗೆ ಒಂದು ಕ್ಯಾಮೆರಾ ಕೊಡುತ್ತಿದ್ದರು. ಆ ಕಡಿಮೆ ಬೆಲೆಯೂ ನಮಗೆ ಕೈಗೆಟುಕುವುದಲ್ಲ. ಮದುವೆಯಾದ ಎರಡು ವರ್ಷ ಗಂಡಹೆಂಡಿರು ಆಲೂಗಡ್ಡೆ ಬೇಯಿಸಿಕೊಂಡು, ಈರುಳ್ಳಿ ಕೊಚ್ಚಿ ಹಾಕಿದ ಹುಳಿ ಗಿಣ್ಣು ನಂಚಿಕೊಂಡು ತಿಂದು, ಎಪ್ಪತ್ತನೇ ಇಸವಿಯಲ್ಲಿ ಒಂದು ಕರಿಯ ಕ್ಯಾಮೆರಾ ಕೊಂಡರು. ಅದರ ಎರಡು ಬಿಂಬ ಒಂದು ಮಾಡಿದವಳೂ ಟ್ರೌಡೆಲ್ಲೇ. ಅದನ್ನು ಒಟ್ಮಾರ್ ಪತ್ರಿಕೆ ಮುಚ್ಚುವವರೆಗೆ ಮೂವತ್ತನಾಲ್ಕು ವರ್ಷ ಕೈಯಿಂದ ಬಿಡಲಿಲ್ಲ. ನದಿ ಉಕ್ಕಿದಾಗ, ಬಿಯರ್ ಕಾರ್ಖಾನೆಗೆ ಬೆಂಕಿ ಬಿದ್ದಾಗ, ಮೊಲ ಸಾಕುವವರ ಸಂಘದ ಬಹುಮಾನದ ದಿನ, ಗಡಿ ತೆರೆದು ಪೂರ್ವ ಜರ್ಮನಿಯವರು ಡಬ್ಬಿಯಂಥ ಕಾರುಗಳಲ್ಲಿ ನಮ್ಮ ಸಂತೆಬೀದಿಗೆ ಬಂದಿಳಿದಾಗ, ಎಲ್ಲದಕ್ಕೂ ಅವನು, ಅವನ ಕ್ಯಾಮೆರಾ. ಅವನ ಹೆಬ್ಬೆಟ್ಟು ತಾಗುವ ಕಡೆ ಕರಿ ಬಣ್ಣ ಹೋಗಿ ಹಿತ್ತಾಳೆ ಕಂಡಿತು. ಬಲಗೈಯ ಮದುವೆ ಉಂಗುರ ಉಜ್ಜುವ ಅಂಚಿನಲ್ಲಿ ಇನ್ನೊಂದು ಉದ್ದನೆಯ ಹಿತ್ತಾಳೆ ಗೆರೆ ಬಂತು. ಬೆಲ್ಟಿನ ಕೊಕ್ಕೆ ತಾಗಿ ಹಿಂದೆ ಒಂದು ತಗ್ಗು.

ಆ ಮನೆಯಲ್ಲಿ ನಡೆದ ಒಂದೇ ದೊಡ್ಡ ಜಗಳದ ವಿಷಯ ಹೇಳಬೇಕು. ಅವರ ಮಗಳು ಜಿಲ್ಕೆ ಮೊದಲ ಸಲ ಶಾಲೆಗೆ ಹೋದ ದಿನ. ನಮ್ಮಲ್ಲಿ ಆ ದಿನ ಮಕ್ಕಳ ಕೈಗೆ ಅವರಷ್ಟೇ ಎತ್ತರದ, ಬಣ್ಣದ ಕಾಗದದ ದೊಡ್ಡ ಪೊಟ್ಟಣದ ತುಂಬ ಮಿಠಾಯಿ ತುಂಬಿಸಿ ಕೊಡುತ್ತಾರೆ. ಅದನ್ನು ತಬ್ಬಿಕೊಂಡು ನಿಂತ ಮಗುವಿನ ಚಿತ್ರ ಇಲ್ಲದ ಮನೆಯೇ ಇಲ್ಲ. ಒಟ್ಮಾರ್ ಒಂದು ಇಡೀ ರೋಲು ಮಗಳಿಗೆಂದೇ ಮುಗಿಸಿದ. ತೊಳೆದು ನೋಡಿದರೆ ಫಿಲಂ ಗಾಜಿನ ಹಾಗೆ ಖಾಲಿ. ಲೆನ್ಸಿಗೆ ಹಾಕಿದ ಮುಚ್ಚಳ ಹಾಗೇ ಇತ್ತು. ಬೇರೆ ಕ್ಯಾಮೆರಾದಲ್ಲಾದರೆ ಕಣ್ಣಿಟ್ಟ ಕೂಡಲೇ ಕತ್ತಲೆ ಕಾಣುತ್ತದೆ, ತಿಳಿಯುತ್ತದೆ. ಇದರಲ್ಲಿ ನೋಡುವ ಕಿಟಕಿಯೇ ಬೇರೆ, ಎಲ್ಲ ಚೆನ್ನಾಗಿ ಕಾಣುತ್ತಿರುತ್ತದೆ, ಮುಚ್ಚಳ ಮಾತ್ರ ಮುಚ್ಚಿಯೇ ಇರುತ್ತದೆ. ಮುಚ್ಚಳ ಹಾಕಿದವಳು ಟ್ರೌಡೆಲ್, ಲೆನ್ಸಿನ ಮೇಲೆ ಒಂದು ಧೂಳಿನ ಕಣ ಕಂಡರೂ ಅವಳ ಜೀವ ಹೋಗುತ್ತಿತ್ತು. ತೆಗೆಯದೆ ಇದ್ದವನು ಒಟ್ಮಾರ್. ಮೂರು ದಿನ ಇಬ್ಬರೂ ಮಾತಾಡಲಿಲ್ಲ. ನಾಲ್ಕನೇ ದಿನ ಒಟ್ಮಾರ್ ಸೇತುವೆಯ ಮೇಲೆ ನಿಂತು ಮುಚ್ಚಳವನ್ನು ಲಾನ್ ನದಿಗೆ ಎಸೆದುಬಿಟ್ಟ. ಅವತ್ತಿನಿಂದ ನಮ್ಮ ಓಣಿಯಲ್ಲಿ ಯಾರು ಯಾರ ಚಿತ್ರ ತೆಗೆದರೂ ನಿಂತವರೆಲ್ಲ ಒಟ್ಟಿಗೆ "ಮುಚ್ಚಳ!" ಎಂದು ಕೂಗುವುದು ಅಭ್ಯಾಸವಾಯಿತು. ಕೂಗಿ ನಗುತ್ತಾರೆ, ಆ ನಗು ಚಿತ್ರದಲ್ಲಿ ಬೀಳುತ್ತದೆ. ಆ ಖಾಲಿ ಫಿಲಮನ್ನು ಟ್ರೌಡೆಲ್ ಎಸೆಯಲಿಲ್ಲ. ಒಂದು ಚುಟ್ಟದ ಡಬ್ಬಿಯಲ್ಲಿಟ್ಟಳು. ಒಟ್ಮಾರ್ ಅದರ ಮೇಲೆ ತನ್ನ ಕೈಬರಹದಲ್ಲಿ "ಜಿಲ್ಕೆ, ಶಾಲೆಯ ಮೊದಲ ದಿನ" ಎಂದು ಬರೆದ.

ಒಟ್ಮಾರ್ ತೀರಿಕೊಂಡು ಆರು ವರ್ಷವಾಗಿತ್ತು. ಪತ್ರಿಕೆ ಅದಕ್ಕೂ ಮೊದಲೇ ಮುಚ್ಚಿತ್ತು. ಅವನ ನೆಗೆಟಿವ್‌ಗಳೆಲ್ಲ ಟ್ರೌಡೆಲ್ ಮನೆಯ ನೆಲಮಾಳಿಗೆಯಲ್ಲಿ, ಇಪ್ಪತ್ತಾರು ಪೆಟ್ಟಿಗೆ. ಈ ಊರಿನ ಮೂವತ್ತನಾಲ್ಕು ವರ್ಷ ಅದರಲ್ಲಿತ್ತು. ಊರಿನ ದಾಖಲೆ ಕೋಣೆಯವರನ್ನು ಕೇಳಿದಾಗ ಜಾಗವಿಲ್ಲ, ಆದಾಗ ಹೇಳುತ್ತೇವೆ ಎಂದರು. ಪ್ರತಿ ವರ್ಷ ಕೇಳಿದಳು, ಪ್ರತಿ ವರ್ಷವೂ ಅದೇ ಉತ್ತರ. ಒಣಗಿದ ಸ್ಟ್ಯಾಂಪು, ಮುರಿದ ಬೀಗ ಇಡುವುದಕ್ಕೆ ಜಾಗವಿದೆ, ಊರಿನ ಮುಖಗಳನ್ನಿಡಲು ಜಾಗವಿಲ್ಲವಂತೆ. ಟ್ರೌಡೆಲ್‌ಗೆ ಇದ್ದದ್ದು ಒಂದೇ ಆಸೆ, ತಾನು ಕಣ್ಣು ಮುಚ್ಚುವುದರೊಳಗೆ ಆ ಚಿತ್ರಗಳನ್ನು ಯಾರಾದರೂ ನೋಡಬೇಕು. ಬೇರೆ ಏನೂ ಬೇಡ.

ಅಷ್ಟರಲ್ಲಿ ವಕ್ಕರಿಸಿದ, ಫ್ರಾಂಕ್‌ಫರ್ಟಿನಿಂದ ಟೀಲೆಮಾನ್ ಎಂಬ ವ್ಯಾಪಾರಿ. ಮೈಗೆ ಹೇಳಿ ಹೊಲಿಸಿದ ಕೋಟು, ಮಾತಿಗೆಲ್ಲ ಬೆಣ್ಣೆ. ಅವನು ಹೊಸ ಕ್ಯಾಮೆರಾ ಕೊಂಡು, ತನ್ನ ವರ್ಕ್‌ಶಾಪಿನಲ್ಲಿ ಕರಿ ಬಣ್ಣ ಬಳಿಸಿ, ಆಮೇಲೆ ಉಜ್ಜಿ ಸವೆಸಿ ಹಳೆಯದರ ಹಾಗೆ ಮಾಡಿ ಮಾರುವವನು. ಹೌದು, ನೀವು ಕೇಳಿದ್ದು ಸರಿಯೇ. ಹೊಸದನ್ನು ಹಳೆಯದು ಮಾಡಿದರೆ ಮೂರು ಪಟ್ಟು ಬೆಲೆ ಬರುತ್ತದಂತೆ. ಜೀವಮಾನದಲ್ಲಿ ಒಂದು ಚಿತ್ರ ತೆಗೆಯದವನಿಗೂ ತೆಗೆದು ತೆಗೆದು ಸವೆದ ಕ್ಯಾಮೆರಾ ಬೇಕು. ನಿಜವಾದ ಪತ್ರಿಕೆಯವನೊಬ್ಬನ ಕ್ಯಾಮೆರಾ ಸಿಕ್ಕರೆ ಅದು ಎಲ್ಲೆಲ್ಲಿ ಸವೆದಿದೆಯೋ ಹಾಗೇ ನಲವತ್ತು ಮಾಡುತ್ತೇನೆ, ಜೊತೆಗೆ ಒಟ್ಮಾರ್ ಅವರ ಹೆಸರಿನಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸುತ್ತೇನೆ ಎಂದ. ಪುಸ್ತಕ ಎಂದಾಗ ಟ್ರೌಡೆಲ್ ತಲೆಯೆತ್ತಿದಳು.

ಅವಳು ಅನುಮಾನಿಸಿದ್ದಳು, ಅದನ್ನೂ ಹೇಳಿಬಿಡುತ್ತೇನೆ. ಹುಂ ಅನ್ನು, ಇನ್ನು ಯಾರು ಬರ್ತಾರೆ ನಿನ್ನ ನೆಲಮಾಳಿಗೆಗೆ ಎಂದು ಒತ್ತಾಯ ಮಾಡಿದ ಕತ್ತೆ ನಾನು. ಅವನು ಚಾಚಿದ ಕಾಗದಕ್ಕೆ ಅವಳು ಸಹಿ ಹಾಕಿದಳು, ಸಾಕ್ಷಿಯೆಂದು ಕೆಳಗೆ ನಾನೂ ಹಾಕಿದೆ. ಇಬ್ಬರೂ ಭೂತಗನ್ನಡಿ ಹಿಡಿದು ಓದಿದ್ದು ಒಟ್ಮಾರ್ ಹೆಸರಿದ್ದ ಸಾಲೊಂದನ್ನೇ. ಜೀವನವಿಡೀ ಕೂದಲೆಳೆ ತಪ್ಪು ಹಿಡಿದವರು ನಾವು. ಕ್ಯಾಮೆರಾವನ್ನೂ ಮೂರು ಪೆಟ್ಟಿಗೆ ನೆಗೆಟಿವ್‌ಗಳನ್ನೂ ಅವನ ಕಾರಿಗೆ ನಾವೇ ಹೊತ್ತು ಹಾಕಿದೆವು.

ಎರಡು ತಿಂಗಳಾದ ಮೇಲೆ ನದಿಯಾಚೆಯ ಹೋಟೆಲಿನಲ್ಲಿ ಬಿಡುಗಡೆ ಸಮಾರಂಭ. ಬೆಳಗ್ಗೆ ಹನ್ನೊಂದು ಗಂಟೆ. ಟ್ರೌಡೆಲ್ ಬೂದು ಬಣ್ಣದ ಉಡುಪು ತೊಟ್ಟು, ಎದೆಗೆ ಅಮ್ಮನ ಪದಕ ಚುಚ್ಚಿಕೊಂಡು ಬಂದಿದ್ದಳು. ಮದುವೆಗೆ ಹೊರಟವಳ ಹಾಗೆ ಕೆನ್ನೆ ಕೆಂಪಾಗಿತ್ತು. ಉದ್ದನೆಯ ಮೇಜುಗಳ ಮೇಲೆ ಬಿಳಿ ಬಟ್ಟೆ ಹಾಸಿ, ತೆರೆದ ಕಪ್ಪು ಪೆಟ್ಟಿಗೆಗಳಲ್ಲಿ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟಿದ್ದರು. ಮೂವತ್ತೊಂಬತ್ತು. ಒಂದನೇ ನಂಬರಿನದು ಮುಂಗಡವಾಗಿಯೇ ಜ್ಯೂರಿಕ್‌ಗೆ ಹೋಗಿತ್ತಂತೆ. ಪ್ರತಿಯೊಂದರ ಮೇಲೂ ಒಟ್ಮಾರ್‌ನ ಹೆಬ್ಬೆಟ್ಟು. ಪ್ರತಿಯೊಂದರ ಅಂಚಿನಲ್ಲೂ ಅವನ ಉಂಗುರದ ಗೆರೆ. ನಾನು ಟ್ರೌಡೆಲ್‌ ಕೈ ನೋಡಿದೆ. ಅವಳು ತನ್ನ ಉಂಗುರವನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಿದ್ದಳು. ಅವಳ ಸಂಸಾರವನ್ನು ಯಾವನೋ ಕೂಲಿಯವನು ಉಪ್ಪುಕಾಗದದಲ್ಲಿ ನಲವತ್ತು ಸಲ ಉಜ್ಜಿದ್ದ.

ಟೀಲೆಮಾನ್ ಭಾಷಣ ಮುಗಿಸಿ, ಇಗೋ ಮೊದಲ ಚಿತ್ರ ಎಂದು ಒಂದು ಕ್ಯಾಮೆರಾ ಎತ್ತಿ ನಮ್ಮಿಬ್ಬರತ್ತ ಹಿಡಿದ. ಒಂದು ಕಣ್ಣು ಮುಚ್ಚಿದ, ತಿರುಗಿಸಿದ, ತಲೆದೂಗಿದ. ಲೆನ್ಸಿನ ಮೇಲೆ ಮುಚ್ಚಳ ಜಮಾಯಿಸಿ ಕೂತಿತ್ತು. "ಮುಚ್ಚಳ!" ಎಂದು ನಾವಿಬ್ಬರೂ ಒಟ್ಟಿಗೆ ಕೂಗಿಬಿಟ್ಟೆವು, ಅಭ್ಯಾಸ ನೋಡಿ. ನೆರೆದವರು ಅದೇನೋ ನಮ್ಮೂರಿನ ಸಂಪ್ರದಾಯ ಎಂದುಕೊಂಡು ಲೋಟ ಎತ್ತಿ "ಮುಚ್ಚಳ!" ಎಂದು ಕುಡಿದರು. ಟೀಲೆಮಾನ್ ಕೂಡ ನಕ್ಕು ಕುಡಿದ, ಕ್ಯಾಮೆರಾ ಕೆಳಗಿಟ್ಟ. ಮುಚ್ಚಳ ತೆಗೆಯಲೇ ಇಲ್ಲ.

ಟ್ರೌಡೆಲ್ ಮೇಜಿನ ಹತ್ತಿರ ಹೋದಳು. ಬಿಳಿ ಕೈಗವಸು ತೊಟ್ಟ ಹುಡುಗಿ ಇವಳಿಗೂ ಒಂದು ಜೊತೆ ಕೊಡಲು ಬಂದಳು. ಇವಳು ಅದನ್ನು ಕಣ್ಣೆತ್ತಿಯೂ ನೋಡದೆ ಬರಿಗೈಯಲ್ಲಿ ಒಂದು ಕ್ಯಾಮೆರಾ ಎತ್ತಿಕೊಂಡು ಕಿಟಕಿಗೆ ಹೋದಳು. ಹೊಳೆಯಾಚೆ ನಮ್ಮ ಗೋಪುರ ಕಾಣುತ್ತಿತ್ತು. ನೋಡಿದಳು. ಇಳಿಸಿದಳು. ಇನ್ನೊಂದನ್ನು ತಂದು ನೋಡಿದಳು, ಮತ್ತೊಂದನ್ನು ನೋಡಿದಳು. ಆಮೇಲೆ ನನ್ನ ಕೈಗೆ ಕೊಟ್ಟಳು. ಲೆನ್ಸನ್ನು ಕೊನೆಯವರೆಗೆ ತಿರುಗಿಸಿ ನಾನೂ ನೋಡಿದೆ. ಗೋಪುರದ ಮೇಲೆ ಎರಡು ಹುಂಜ.

ಉಜ್ಜುವುದಕ್ಕೆಂದು ಮೇಲಿನ ತಗಡು ಬಿಚ್ಚಿದ್ದರು, ತಿರುಪು ಅಲುಗಿತ್ತು, ಮತ್ತೆ ಹಾಕುವಾಗ ಒಬ್ಬನೂ ಕಣ್ಣಿಟ್ಟು ನೋಡಿರಲಿಲ್ಲ. ಅಷ್ಟು ಬೆಲೆ ಇಟ್ಟವರಿಗೆ ಎರಡು ನಿಮಿಷ ನೋಡಲು ಏನು ಧಾಡಿ. ಟ್ರೌಡೆಲ್ ಟೀಲೆಮಾನ್‌ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು, ಮರ್ಯಾದೆಯಿಂದ, ಅವನ ಮಾನ ಹೋಗದ ಹಾಗೆ. ಅವನು ಅವಳ ಭುಜ ತಟ್ಟಿದ.

"ಫ್ರೌ ಬೆಖ್ಟೋಲ್ಡ್, ತಲೆ ಕೆಡಿಸ್ಕೋಬೇಡಿ. ಇದನ್ನ ತಗೊಳ್ಳೋರು ಇದರೊಳಗೆ ನೋಡೋದಿಲ್ಲ."

ಸಿಟ್ಟು ನನ್ನ ನೆತ್ತಿಗೆ ಏರಿತು. ಬಾಯಿಗೆ ಬಂದದ್ದು ಅನ್ನುವ ಮೊದಲು ಪುಸ್ತಕವನ್ನಾದರೂ ನೋಡೋಣ ಎಂದು ಒಂದನ್ನು ಎಳೆದು ತೆರೆದೆ. ಹೊಳೆಯುವ ದಪ್ಪ ಕಾಗದ. ಮೊದಲ ಪುಟದಲ್ಲಿ ಕ್ಯಾಮೆರಾ. ಎರಡನೆಯದರಲ್ಲಿ ಹೆಬ್ಬೆಟ್ಟಿನ ಕಡೆ ಸವೆದದ್ದು. ಮೂರನೆಯದರಲ್ಲಿ ಉಂಗುರದ ಕಡೆ ಸವೆದದ್ದು. ಬೆಲ್ಟಿನ ತಗ್ಗಿಗೇ ನಾಲ್ಕು ಪುಟ. ಹೊಳೆ ಎಲ್ಲಿ, ಬೆಂಕಿ ಎಲ್ಲಿ, ಮೊಲ ಎತ್ತಿ ಹಿಡಿದ ಹೆಂಗಸರೆಲ್ಲಿ? ಒಂದು ಚಿತ್ರವಿಲ್ಲ. ಒಟ್ಮಾರ್ ತೆಗೆದದ್ದು ಒಂದೂ ಇಲ್ಲ. ನಾನು ಕೊನೆಯ ಪುಟದವರೆಗೆ ತಿರುವಿ ಮತ್ತೆ ಮೊದಲಿನಿಂದ ತಿರುವಿದೆ. ಟ್ರೌಡೆಲ್ ಪಕ್ಕದಲ್ಲಿ ನಿಂತು ನೋಡುತ್ತಿದ್ದವಳು ಕ್ಯಾಮೆರಾದ ಪೆಟ್ಟಿಗೆಯೊಳಗಿನ ಮಕಮಲ್ಲನ್ನು ಬೆರಳಿನಿಂದ ಎತ್ತಿದಳು. ಅಡಿಯಲ್ಲಿ ಒಂದು ಸಣ್ಣ ಪಾರದರ್ಶಕ ಚೀಲ. ಅದರೊಳಗೆ ಒಂದು ನೆಗೆಟಿವ್. ಒಂದೇ ಒಂದು, ಪಟ್ಟಿಯಿಂದ ಕತ್ತರಿಸಿದ್ದು. ಪಕ್ಕದ ಪೆಟ್ಟಿಗೆಯಲ್ಲೂ ಒಂದು. ಅದರ ಪಕ್ಕದ್ದರಲ್ಲೂ.

ಅರವತ್ತು ವರ್ಷದಲ್ಲಿ ಅವಳ ಆ ದನಿ ನಾನು ಕೇಳಿರಲಿಲ್ಲ. ಜೋರಾಗಿರಲಿಲ್ಲ, ಆದರೆ ಹಾಲಿನಲ್ಲಿದ್ದ ಎಲ್ಲರೂ ತಿರುಗಿದರು.

"ಇದನ್ನ ಕತ್ತರಿಸಿದ್ದು ಯಾರು?"

ಟೀಲೆಮಾನ್ ಹಲ್ಲು ಬಿಟ್ಟ. ಪೆಟ್ಟಿಗೆಗೊಂದು ಅಸಲಿ ನೆಗೆಟಿವ್, ಕೊಂಡವರಿಗೆ ನೆನಪಿಗಿರಲಿ ಎಂದು, ಕಾಗದದಲ್ಲಿ ಒಪ್ಪಿಕೊಂಡು ನೀವೇ ಸಹಿ ಹಾಕಿದ್ದೀರಲ್ಲ ಎಂದ. ಸಾಕ್ಷಿ ಇವರೇ ಎಂದು ನನ್ನ ಕಡೆ ಕೈ ತೋರಿಸಿದ. ನಾನು ಅವನ ಮುಖಕ್ಕೆ ಅವನ ಪುಸ್ತಕವನ್ನೇ ಬೀಸಬೇಕೆಂದು ಎತ್ತಿದ್ದು ನಿಜ. ಟ್ರೌಡೆಲ್ ನನ್ನ ಮಣಿಕಟ್ಟು ಹಿಡಿದು ಇಳಿಸಿದಳು. ಅವನ ಹತ್ತಿರ ಹೋಗಿ ಅವನಿಗೆ ಮತ್ತು ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು.

"ನೋಡಿ, ನಿಮ್ಮ ಒಂದು ಕ್ಯಾಮೆರಾನೂ ಸರಿಯಿಲ್ಲ. ಈಗಲೇ ಇವ್ರನ್ನೆಲ್ಲ ಕಿಟಕಿ ಹತ್ರ ಕರೆದು ತೋರಿಸ್ತೀನಿ. ಬೇಡಾಂದ್ರೆ ನನ್ನ ಗಂಡನ ಫಿಲಂ ವಾಪಸ್ ಕೊಡಿ. ಅದರ ಜಾಗದಲ್ಲಿ ಚಿತ್ರ ಅಚ್ಚು ಹಾಕಿಸಿ ಇಡಿ, ನೋಡೋರಾದ್ರೂ ನೋಡ್ಲಿ. ಕ್ಯಾಮೆರಾ ನಾನು ಸರಿ ಮಾಡ್ಕೊಡ್ತೀನಿ."

ಅವನು ಕಿಟಕಿಯತ್ತ ಒಮ್ಮೆ, ಕೊಂಡವರತ್ತ ಒಮ್ಮೆ ನೋಡಿದ. ಒಪ್ಪಿದ. ಒಪ್ಪದೆ ಎಲ್ಲಿಗೆ ಹೋಗುತ್ತಾನೆ. ಕೊಂಡವರಿಗೆ, ಈ ಕುಶಲಕರ್ಮಿ ಮಹಿಳೆ ಪ್ರತಿಯೊಂದನ್ನೂ ತಮ್ಮ ಕೈಯಾರೆ ಕೊನೆಯ ಸಲ ಪರೀಕ್ಷಿಸಿ ಕೊಡುತ್ತಾರೆ ಎಂದು ಅಲ್ಲೇ ಘೋಷಿಸಿದ, ಚಪ್ಪಾಳೆಯೂ ಬಿತ್ತು. ಅದರಲ್ಲೂ ಲಾಭ ಮಾಡಿಕೊಂಡ, ಅವನ ವಂಶ ನಿರ್ವಂಶವಾಗ.

ಮೂವತ್ತೊಂಬತ್ತು ಕ್ಯಾಮೆರಾ ಟ್ರೌಡೆಲ್‌ ಅಡುಗೆಮನೆಯ ಮೇಜಿಗೆ ಬಂದವು. ಹನ್ನೊಂದು ದಿನ ಹಿಡಿಯಿತು. ನಾನು ತಿರುಪು ಬಿಚ್ಚುವುದು, ಅವಳು ಸರಿ ಮಾಡುವುದು, ನಾನು ಮುಚ್ಚುವುದು, ಅವಳು ಮಹಡಿಯ ಕಿಟಕಿಗೆ ಹೋಗಿ ಹುಂಜ ನೋಡುವುದು. ಎಪ್ಪತ್ತೇಳು ವರ್ಷದ ಕಣ್ಣು, ಇನ್ನೂ ಅದೇ ಹಟ. ನಾನು ಬಿಚ್ಚುತ್ತಲೂ ಬೈದೆ, ಮುಚ್ಚುತ್ತಲೂ ಬೈದೆ. ಒಂದೆರಡನ್ನಾದರೂ ಹಾಗೇ ಬಿಡು, ಆ ದಂಡಪಿಂಡಗಳಿಗೆ ಎರಡಲ್ಲ ಹತ್ತು ಹುಂಜ ಕಾಣಲಿ ಎಂದೆ.

"ಅವ್ರು ಮಾಡಿದ್ದಕ್ಕೆ ಕ್ಯಾಮೆರಾ ಏನ್ ಮಾಡಿತ್ತೇ, ಪಾಪ" ಎಂದಳು. ಆ ಹನ್ನೊಂದು ದಿನದಲ್ಲಿ ಅವಳು ಆಡಿದ ಉದ್ದನೆಯ ಮಾತು ಅದು.

ಕ್ಯಾಮೆರಾಗಳು ಹೋದವು, ನೆಗೆಟಿವ್‌ಗಳು ಬಂದವು. ಒಟ್ಮಾರ್‌ನ ಕ್ಯಾಮೆರಾವನ್ನೂ ವಾಪಸು ಕಳಿಸಿದ. ಕಿಟಕಿಯ ಗಾಜಿಗೆ ಬಿಳಿ ಕಾಗದ ಅಂಟಿಸಿ, ಪಟ್ಟಿಗಳನ್ನು ಅದರ ಮೇಲೆ ಹಿಡಿದು, ಯಾವ ತುಂಡು ಯಾವ ಪಟ್ಟಿಯದು ಎಂದು ಜೋಡಿಸಲು ಕೂತೆವು. ಕತ್ತರಿಸಿದ ಅಂಚು ಅಂಚಿಗೆ ಕೂರಬೇಕು. ಎಲ್ಲ ಕೂತವು. ಕೊನೆಗೆ ಒಂದು ಪಟ್ಟಿಯಲ್ಲಿ ನಡುವೆ ಒಂದು ಜಾಗ ಖಾಲಿ ಉಳಿಯಿತು. ಜ್ಯೂರಿಕ್‌ಗೆ ಹೋದದ್ದು.

ಆ ಜಾಗದ ಹಿಂದಿನ ಚಿತ್ರದಲ್ಲಿ ನಮ್ಮ ಮೇಸ್ತ್ರಿ ಟೈ ಕಟ್ಟಿಕೊಂಡು ನಿಂತಿದ್ದಾನೆ. ಮುಂದಿನದರಲ್ಲಿ ಯಜಮಾನರು ಟ್ರೌಡೆಲ್‌ ಕೈ ಕುಲುಕುತ್ತಿದ್ದಾರೆ. ಎಂಬತ್ತಾರನೇ ಇಸವಿ, ಅವಳು ಕೆಲಸಕ್ಕೆ ಸೇರಿ ಇಪ್ಪತ್ತೈದು ವರ್ಷವಾದ ದಿನ. ಕೈ ಕುಲುಕಿದ್ದು ಪತ್ರಿಕೆಯಲ್ಲಿ ಬಂತು. ನಡುವಿನದು ಬರಲಿಲ್ಲ. ನಮ್ಮ ಕೋಣೆಯಲ್ಲಿ ಚಿತ್ರ ತೆಗೆಯಲು ಬಿಡುತ್ತಿರಲಿಲ್ಲ, ಒಟ್ಮಾರ್ ಮೇಸ್ತ್ರಿಯ ಕಣ್ಣು ತಪ್ಪಿಸಿ ಒಂದೇ ಒಂದು ತೆಗೆದಿದ್ದ. ಟ್ರೌಡೆಲ್ ಕಿಟಕಿಯ ಹತ್ತಿರ ನಿಂತು ಒಂದು ಕಣ್ಣು ಮುಚ್ಚಿ ಹುಂಜ ನೋಡುತ್ತಿದ್ದಾಳೆ, ಹಿಂದೆ ಮೇಜಿನಿಂದ ನಾನು ಅವಳನ್ನು ಅಣಕಿಸಿ ನಾಲಗೆ ಚಾಚಿದ್ದೇನೆ. ದೊಡ್ಡದು ಮಾಡಿಕೊಡುತ್ತೇನೆ ಎನ್ನುತ್ತಲೇ ಇದ್ದ, ಮಾಡಲಿಲ್ಲ, ಸತ್ತ. ನಲವತ್ತೈದು ವರ್ಷ ಕ್ಯಾಮೆರಾ ಮಾಡಿದವಳು, ಕೆಲಸ ಮಾಡುತ್ತಿರುವಾಗ ತೆಗೆದ ಅವಳ ಚಿತ್ರ ಈ ಪ್ರಪಂಚದಲ್ಲಿ ಅದೊಂದೇ.

ಟ್ರೌಡೆಲ್ ಆ ಖಾಲಿ ಜಾಗದ ಮೇಲೆ ಬೆರಳಿಟ್ಟಳು. ಅವಳು ಅಳಲಿಲ್ಲ. ನಾನು ಅತ್ತೆ, ಸಿಟ್ಟಿಗೆ ಅತ್ತೆ. ಆ ಕಾಗದಕ್ಕೆ ಸಹಿ ಹಾಕಿದ ನನ್ನ ಕೈ ಸೇದಿಹೋಗಬಾರದಿತ್ತೇ ಎಂದು.

ಟೀಲೆಮಾನ್‌ನಿಂದ ವಿಳಾಸ ತರಿಸಿಕೊಂಡು ಜ್ಯೂರಿಕ್‌ನ ಮಹಾಶಯನಿಗೆ ಅವಳೇ ಕಾಗದ ಬರೆದಳು. ಎಗ್ಲಿ ಎಂದೇನೋ ಹೆಸರು, ಹಲ್ಲಿನ ಡಾಕ್ಟರು. ಅದು ನನ್ನ ಚಿತ್ರ, ಕಳಿಸಿಕೊಡಿ, ಬದಲಿಗೆ ನನ್ನ ಗಂಡನದೇ ಬೇರೆ ಯಾವ ನೆಗೆಟಿವ್ ಕೇಳಿದರೂ ಕೊಡುತ್ತೇನೆ ಎಂದು ಬರೆದಳು. ಉತ್ತರ ಬಂತು, ಟೈಪು ಮಾಡಿದ್ದು. ನಿಮ್ಮ ಭಾವನೆ ನನಗೆ ಅರ್ಥವಾಗುತ್ತದೆ, ಆದರೆ ಪೆಟ್ಟಿಗೆಗೆ ಸೀಲ್ ಇದೆ, ನಾನು ಅದನ್ನು ತೆರೆದಿಲ್ಲ, ತೆರೆದರೆ ಬೆಲೆ ಬಿದ್ದುಹೋಗುತ್ತದೆ ಎಂದು ನನ್ನ ಸಲಹೆಗಾರರು ಹೇಳುತ್ತಾರೆ, ಕ್ಷಮಿಸಿ. ತೆರೆದಿಲ್ಲವಂತೆ. ತೆರೆಯುವುದೂ ಇಲ್ಲವಂತೆ. ನಮ್ಮಿಬ್ಬರನ್ನು ಡಬ್ಬಿಯಲ್ಲಿ ಹಾಕಿ ಸೀಲು ಹೊಡೆದು ಕಪಾಟಿನಲ್ಲಿಟ್ಟುಕೊಂಡಿದ್ದಾನೆ, ಅದರಲ್ಲಿ ಯಾರಿದ್ದಾರೆ ಎಂದೂ ಅವನಿಗೆ ಗೊತ್ತಿಲ್ಲ. ನಾನು ಆ ಕಾಗದವನ್ನು ಒಲೆಗೆ ಹಾಕಲು ಹೋದೆ. ಟ್ರೌಡೆಲ್ ಕಿತ್ತುಕೊಂಡು ಇನ್ನೊಂದು ಸಲ ಓದಿದಳು, ಮಡಿಸಿದಳು, ಅದೇ ಮಧ್ಯಾಹ್ನ ಎರಡು ಸಾಲಿನ ಉತ್ತರ ಬರೆದಳು. ನಿಮ್ಮ ಕ್ಯಾಮೆರಾದಲ್ಲಿ ದೋಷವಿದೆ. ಉಳಿದ ಮೂವತ್ತೊಂಬತ್ತನ್ನು ನಾನು ಸರಿಮಾಡಿದ್ದೇನೆ, ನಿಮ್ಮದೊಂದೇ ಬಾಕಿ.

ಎರಡು ವಾರಕ್ಕೆ ಪೆಟ್ಟಿಗೆ ಮನೆ ಬಾಗಿಲಿಗೆ ಬಂತು. ನಲವತ್ತರಲ್ಲಿ ತನ್ನದೊಂದೇ ದೋಷದ್ದು ಎಂದರೆ ಅವನಿಗೆ ನಿದ್ದೆ ಬರುತ್ತದೆಯೇ. ಹೊಸ ಸೀಲಿನ ಕಾಗದವನ್ನೂ ಟೀಲೆಮಾನ್‌ನಿಂದ ತರಿಸಿ ಜೊತೆಗಿಟ್ಟಿದ್ದ. ಸರಿಮಾಡಿದ ಮೇಲೆ ತಮ್ಮ ಕೈಬರಹದಲ್ಲಿ ಒಂದು ಪ್ರಮಾಣಪತ್ರ ಬರೆದಿಡಿ, ಅದರಿಂದ ಬೆಲೆ ಇನ್ನೂ ಏರುತ್ತದೆ ಎಂದು ಬರೆದಿದ್ದ. ನಾಚಿಕೆ ಎಂಬುದು ಕೆಲವರನ್ನು ಮುಟ್ಟದೆಯೇ ಪಕ್ಕದಲ್ಲಿ ಹಾದುಹೋಗುತ್ತದೆ.

ಟ್ರೌಡೆಲ್ ಮೊದಲು ಕ್ಯಾಮೆರಾ ಸರಿಮಾಡಿದಳು. ಅದಕ್ಕೇ ಮೊದಲು ಕೈ ಹಾಕಿದಳು, ಗಮನಿಸಿ. ಅವತ್ತು ಮೋಡವಿತ್ತು, ಹುಂಜ ಸರಿಯಾಗಿ ಕಾಣುವವರೆಗೆ ಸಂಜೆತನಕ ಕಾದಳು. ಆಮೇಲೆ ಮಕಮಲ್ಲು ಎತ್ತಿ ಚೀಲ ತೆಗೆದು, ನೆಗೆಟಿವನ್ನು ಬೆಳಕಿಗೆ ಹಿಡಿದಳು. ನಾನೂ ಬಗ್ಗಿದೆ. ಕಪ್ಪು ಬಿಳುಪು ತಿರುಗುಮುರುಗಾಗಿದ್ದರ ನಡುವೆಯೂ ನನ್ನ ನಾಲಗೆ ಗುರುತು ಸಿಕ್ಕಿತು. ಅವಳು ಅದನ್ನು ಮೇಜಿನ ಮೇಲಿಟ್ಟು ಒಳಗೆ ಹೋಗಿ ಚುಟ್ಟದ ಡಬ್ಬಿ ತಂದಳು.

ಜಿಲ್ಕೆಯ ಶಾಲೆಯ ಮೊದಲ ದಿನದ ಫಿಲಂ. ಮುಚ್ಚಳ ಹಾಕಿ ತೆಗೆದದ್ದು, ಗಾಜಿನ ಹಾಗೆ ಖಾಲಿ. ಅಳತೆ ಹಿಡಿದು, ಹೊಲಿಗೆಯ ಕತ್ತರಿಯಿಂದ ಅದರಲ್ಲಿ ಒಂದು ತುಂಡು ಕತ್ತರಿಸಿದಳು. ಅದನ್ನು ಚೀಲದಲ್ಲಿಟ್ಟು, ಚೀಲವನ್ನು ಮಕಮಲ್ಲಿನ ಅಡಿಗೆ ಸೇರಿಸಿ, ಪೆನ್ನು ತೆಗೆದುಕೊಂಡಳು.

"ಸುಳ್ಳು ಬರೀಬೇಡ್ವೇ, ಸಿಕ್ಕಿಹಾಕ್ಕೊಂಡ್ರೆ ಇಬ್ರನ್ನೂ ಒಳಗೆ ಹಾಕ್ತಾರೆ" ಎಂದೆ ನಾನು.

"ನಾನ್ಯಾಕೆ ಸುಳ್ಳು ಬರೀಲಿ?" ಎಂದಳು. ಬರೆದದ್ದನ್ನು ನನಗೆ ಓದಿ ಹೇಳಿದಳು. ಈ ಕ್ಯಾಮೆರಾ ಸರಿಯಾಗಿದೆ, ನಾನೇ ನೋಡಿದ್ದೇನೆ. ಇದರ ಜೊತೆಗಿರುವ ಫಿಲಂ ಅಸಲಿ, ನನ್ನ ಗಂಡ ಒಟ್ಮಾರ್ ಬೆಖ್ಟೋಲ್ಡ್ ತನ್ನ ಕ್ಯಾಮೆರಾದಲ್ಲಿ ತಾನೇ ತೆಗೆದದ್ದು.

ಸೀಲು ಅಂಟಿಸಿದೆವು. ಮರುದಿನ ಅಂಚೆಗೆ ನಾನೇ ಹೊತ್ತುಕೊಂಡು ಹೋದೆ.

ಆ ಇಪ್ಪತ್ತಾರು ಪೆಟ್ಟಿಗೆ ಈಗಲೂ ನೆಲಮಾಳಿಗೆಯಲ್ಲೇ ಇವೆ, ದಾಖಲೆ ಕೋಣೆಯವರಿಗೆ ಇನ್ನೂ ಜಾಗವಾಗಿಲ್ಲ. ನಮ್ಮಿಬ್ಬರ ಚಿತ್ರವನ್ನು ದೊಡ್ಡದು ಮಾಡಿಸಿ ಅವಳ ಅಡುಗೆಮನೆಯಲ್ಲೊಂದು, ನನ್ನದರಲ್ಲೊಂದು ಹಾಕಿದ್ದೇವೆ. ಒಟ್ಮಾರ್‌ನ ಕ್ಯಾಮೆರಾ ಅವಳ ಹತ್ತಿರವೇ ಇದೆ. ಶಾಲೆ ಶುರುವಾಗುವ ಆಗಸ್ಟಿನಲ್ಲಿ ಓಣಿಯ ಮಕ್ಕಳು ಪೊಟ್ಟಣ ತಬ್ಬಿಕೊಂಡು ನಿಲ್ಲುತ್ತಾರೆ, ಅವಳು ತೆಗೆಯುತ್ತಾಳೆ, ಮುಚ್ಚಳವೇ ಇಲ್ಲದ ಕ್ಯಾಮೆರಾ ನೋಡಿ ಎಲ್ಲರೂ "ಮುಚ್ಚಳ!" ಎಂದು ಕೂಗುತ್ತಾರೆ. ಎರಡು ವರ್ಷ ಆಲೂಗಡ್ಡೆ ತಿಂದು ಕೊಂಡ ಆ ಒಂದಕ್ಕೆ ಕೊಟ್ಟ ದುಡ್ಡು ಸಾರ್ಥಕವಾಯಿತೇ ಎಂದು ಕೇಳಿ, ಹೌದು ಎನ್ನುತ್ತೇನೆ. ಮಿಕ್ಕವುಗಳದ್ದು ಅವನ್ನು ಕೊಂಡವರನ್ನೇ ಕೇಳಿ.

ಜ್ಯೂರಿಕ್‌ನಿಂದ ಆ ತಿಂಗಳೇ ಕೃತಜ್ಞತೆಯ ಪತ್ರ ಬಂದಿತ್ತು. ಎಲ್ಲವೂ ಅಚ್ಚುಕಟ್ಟಾಗಿದೆ, ಸೀಲನ್ನು ಸಲಹೆಗಾರರು ಪರೀಕ್ಷಿಸಿ ಒಪ್ಪಿದ್ದಾರೆ, ತಮ್ಮ ಪತಿಯವರ ಅಮೂಲ್ಯ ಚಿತ್ರ ನನ್ನ ಲೋಹದ ಕಪಾಟಿನಲ್ಲಿ ಬೆಳಕು ತಾಗದ ಹಾಗೆ ಭದ್ರವಾಗಿರುತ್ತದೆ ಎಂದು ಬರೆದಿದ್ದ. ಎರಡು ವರ್ಷವಾಯಿತು, ಆಮೇಲೆ ಒಂದು ಮಾತಿಲ್ಲ. ಅವನು ಅಷ್ಟು ಜೋಪಾನ ಮಾಡುತ್ತಿರುವುದು ಮುಚ್ಚಳದ ಒಳಮೈಯ ಚಿತ್ರವನ್ನು.